ಕಿಟಕಿಯ ಗಾಜಿನ ಮೇಲಿನ ಹೆಬ್ಬೆರಳು

ಹೋದ ವಾರ ತಿರುಪ್ಪೂರಿನ ನೋಂದಣಿ ಕಚೇರಿಯಲ್ಲಿ ಅಪ್ಪನ ಮನೆಯ ಪತ್ರಕ್ಕೆ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡರು. ಇಂಕ್ ಪ್ಯಾಡಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ದೊಡ್ಡಪ್ಪ ನೆನಪಾದರು. ನನ್ನ ಹತ್ತು ಬೆರಳಿಗೂ ಮೊದಲ ಸಲ ಮಸಿ ಹಚ್ಚಿದವರು ಅವರೇ.

ಸಂಬಂಧದಲ್ಲಿ ದೊಡ್ಡಪ್ಪ ಅಲ್ಲ. ನಮ್ಮ ಹಾಗೆಯೇ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಆಡುವ ನೇಕಾರ ಕುಟುಂಬದವರು. ಮಗ್ಗಕ್ಕೆ ಕೂರದೆ ಪೊಲೀಸರ ಬೆರಳಚ್ಚು ವಿಭಾಗ ಸೇರಿ, ಕೊಯಮತ್ತೂರಿನಲ್ಲಿ ನಿವೃತ್ತರಾದ ಮೇಲೆ ನಮ್ಮ ಬೀದಿಗೆ ಬಂದಿದ್ದರು. ಜೀವಮಾನವೆಲ್ಲ ಬೆರಳಿನ ಗೆರೆ ಓದಿದ ಅವರಿಗೆ ಕನ್ನಡದ ಅಕ್ಷರ ಮಾತ್ರ ಬರುತ್ತಿರಲಿಲ್ಲ. ಅಮ್ಮ ಚಾಮರಾಜನಗರದ ಕಡೆಯವಳಾದ್ದರಿಂದ ನನಗೆ ಬರುತ್ತಿತ್ತು. ಊರ ಕಡೆಯ ಮದುವೆ ಕಾರ್ಡುಗಳನ್ನು ನಾನು ಅವರಿಗೆ ಓದಿ ಹೇಳುತ್ತಿದ್ದೆ. ಬದಲಿಗೆ ಅವರು, ತಮಿಳರ ಹಾಗೆ ಅಕ್ಕರೆಯಿಂದ ನನ್ನನ್ನು 'ಕಣ್ಣು' ಎಂದು ಕರೆಯುತ್ತ, ತಮ್ಮ ವಿದ್ಯೆ ಹೇಳಿಕೊಡುತ್ತಿದ್ದರು.

ಒಂದು ಭಾನುವಾರ ನಾನು ನೀರು ಕುಡಿದಿಟ್ಟ ಗಾಜಿನ ಲೋಟಕ್ಕೆ ನುಣ್ಣನೆಯ ಕರಿ ಪುಡಿಯನ್ನು ಮೆತ್ತಗಿನ ಕುಂಚದಿಂದ ಸವರಿದರು. ಖಾಲಿ ಗಾಜಿನ ಮೇಲೆ ನನ್ನ ಬೆರಳು ಮೂಡಿ ಬಂತು! ಬೆವರು, ಎಣ್ಣೆ ಜಿಡ್ಡಿಗೆ ಪುಡಿ ಅಂಟುತ್ತದಂತೆ. ಟೇಪು ಒತ್ತಿ ಎತ್ತಿದರೆ ಗುರುತು ಹಾಗೇ ಕಾಗದಕ್ಕೆ ಬಂದುಬಿಟ್ಟಿತು. ಬೆರಳಿನ ಗೆರೆಗಳಲ್ಲಿ ಬಿಲ್ಲು, ಕುಣಿಕೆ, ಸುಳಿ ಅಂತ ಮೂರು ಬಗೆ. ಮಸಿ ಹಚ್ಚಿ ಒತ್ತಿಸಿ ನೋಡಿದರೆ ನನ್ನ ಹತ್ತೂ ಬೆರಳಲ್ಲಿ ಕುಣಿಕೆಯೇ.

"ಅವಳಿ ಮಕ್ಕಳದ್ದು ಒಂದೇ ಇರ್ತದಾ ದೊಡ್ಡಪ್ಪಾ?"

"ಇಲ್ಲ ಕಣ್ಣು. ಮೇಲೆ ನೋಡಕ್ಕೆ ಒಂದೇ ಥರ ಇರಬಹುದು. ಗೆರೆ ಎಲ್ಲಿ ನಿಲ್ತದೆ, ಎಲ್ಲಿ ಎರಡಾಗಿ ಒಡೀತದೆ, ಅದನ್ನ ಒಂದೊಂದಾಗಿ ತಾಳೆ ಹಾಕಿ ನೋಡ್ಬೇಕು. ಅವಸರ ಪಟ್ಟರೆ ಕೆಟ್ಟೋಯ್ತು."

ಆಗ ನಾನು ಒಂದು ಬನಿಯನ್ ಕಂಪನಿಯಲ್ಲಿ ಬಟ್ಟೆ ಚೆಕ್ಕಿಂಗ್ ಕೆಲಸ ಮಾಡುತ್ತಿದ್ದೆ. ಒಂದು ಸೋಮವಾರ ಬೆಳಿಗ್ಗೆ ಮ್ಯಾನೇಜರ ಕೋಣೆಯ ಗಾಜಿನ ಬೀರುವಿನಿಂದ ಲ್ಯಾಪ್‌ಟಾಪ್ ಕಾಣೆಯಾಗಿತ್ತು. ಪೊಲೀಸರು ಆ ಕೋಣೆಗೆ ಹೋಗುವ ಕೆಲಸದವರ ಬೆರಳಚ್ಚು ತೆಗೆದು ನೋಡಿದರೆ, ಬೀರುವಿನ ಬಾಗಿಲ ಮೇಲೆ ಸಿಕ್ಕ ನಾಲ್ಕು ಬೆರಳೂ ನನ್ನವೇ. ನನ್ನನ್ನು ಠಾಣೆಗೆ ಕರೆದಾಗ ಅಮ್ಮ ಓಡಿಹೋಗಿ ದೊಡ್ಡಪ್ಪನನ್ನು ಕರೆತಂದಳು.

"ಬೆರಳಚ್ಚೇ ಸಿಕ್ಕಿದೆ, ಇನ್ನೇನು ಬೇಕು?" ಎಂದು ಮ್ಯಾನೇಜರು ತಮಿಳಿನಲ್ಲಿ ಗುಡುಗಿದರು. ನಾನು ದೊಡ್ಡಪ್ಪನ ಕಡೆ ನೋಡಿದೆ. ಈ ಹುಡುಗಿ ಅಂಥವಳಲ್ಲ ಅಂತ ಒಂದು ಮಾತು... ಅವರು ಅನ್ನಲಿಲ್ಲ. ನನ್ನನ್ನೇ ಕೇಳಿದರು: "ಆ ಬೀರು ನೀನು ದಿನಾ ಮುಟ್ತೀಯಾ?"

"ಹೂಂ. ಸ್ಯಾಂಪಲ್ ಬಟ್ಟೆ ಅಲ್ಲೇ ಇರೋದು."

ಅವರು ಇನ್ಸ್‌ಪೆಕ್ಟರ ಕಡೆ ತಿರುಗಿದರು. ಮುಟ್ಟಿದ್ದಾಳೆ ಅಂತ ಗುರುತು ಹೇಳುತ್ತದೆ, ಯಾವತ್ತು ಮುಟ್ಟಿದಳು, ಏಕೆ ಮುಟ್ಟಿದಳು ಅಂತ ಅದು ಹೇಳಲಾರದು ಎಂದರು. ಆಮೇಲೆ, ಕಳ್ಳ ಒಳಗೆ ಬಂದದ್ದು ಹೇಗೆ ಎಂದು ಕೇಳಿದರು. ಕಿಟಕಿಗೆ ಅಡ್ಡಡ್ಡ ಜೋಡಿಸಿದ್ದ ಗಾಜಿನ ಪಟ್ಟಿಗಳಲ್ಲಿ ಎರಡನ್ನು ಬಿಚ್ಚಿ ಹೊರಗೋಡೆಗೆ ಒರಗಿಸಿದ್ದನಂತೆ. ಅವುಗಳಿಗೆ ಯಾರೂ ಪುಡಿ ಹಾಕಿರಲಿಲ್ಲ.

"ಅಯ್ಯಾ, ನೀವೇ ಬಂದು ನೋಡಿ" ಎಂದರು ಇನ್ಸ್‌ಪೆಕ್ಟರು.

"ನಾನು ರಿಟೈರು. ಪಕ್ಕದ ಮನೆಯವನು ಬೇರೆ. ನಾನು ಮುಟ್ಟಬಾರದು" ಎಂದು ಕೈ ಹಿಂದಕ್ಕೆ ಕಟ್ಟಿಕೊಂಡರು.

ಎರಡು ದಿನ ಕಂಪನಿಗೆ ಹೋಗಲಿಲ್ಲ. ಬೀದಿಯ ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಮೂರನೆಯ ದಿನ ಗೊತ್ತಾಯಿತು: ಗಾಜಿನ ಪಟ್ಟಿಯ ಒಂದು ಮಗ್ಗುಲಲ್ಲಿ ಹೆಬ್ಬೆರಳು, ಇನ್ನೊಂದು ಮಗ್ಗುಲಲ್ಲಿ ಮೂರು ಬೆರಳು, ಹಿಡಿದು ಎಳೆದ ಹಾಗೆ. ಹೆಬ್ಬೆರಳಲ್ಲಿ ಸ್ಪಷ್ಟವಾದ ಸುಳಿ. ನನ್ನದಲ್ಲ ಎನ್ನಲು ಅಷ್ಟೇ ಸಾಕಾಯಿತು. ಯಾರದು ಎನ್ನಲು ಮಾತ್ರ ಕಂಪನಿಗೆ ಬಂದುಹೋಗುವ ಎಲ್ಲರ ಗುರುತನ್ನೂ ಗೆರೆಗೆ ಗೆರೆ ಹೋಲಿಸಬೇಕಾಯಿತು. ಎ.ಸಿ. ರಿಪೇರಿಗೆ ಬರುತ್ತಿದ್ದವನ ಬಲಗೈ ಹೆಬ್ಬೆರಳು ತಾಳೆಯಾಯಿತು. ಲ್ಯಾಪ್‌ಟಾಪ್ ಅವನ ಮನೆಯಲ್ಲೇ ಇತ್ತು.

ನಾನು ಸಂತೋಷಪಡುವ ಬದಲು ದೊಡ್ಡಪ್ಪನ ಮೇಲೆ ಸಿಟ್ಟಾದೆ. "ನನ್ನ ಪರವಾಗಿ ಒಂದು ಮಾತು ಆಡಲಿಲ್ಲ ನೀವು."

"ನಿನ್ನ ನನಗೆ ಗೊತ್ತು. ಆದರೆ ಗೊತ್ತಿರೋದು ಸಾಕ್ಷಿ ಅಲ್ಲ ಕಣ್ಣು. ಆ ಎ.ಸಿ. ರಿಪೇರಿಯವನಿಗೂ ಒಬ್ಬ ದೊಡ್ಡಪ್ಪ ಇರ್ತಾನಲ್ಲ, ಅವನೂ ಬಂದು ಅದನ್ನೇ ಹೇಳ್ತಾನೆ."

ಮಾತು ಸರಿಯೆನಿಸಿತು, ಮನಸ್ಸು ಮಾತ್ರ ಒಪ್ಪಲಿಲ್ಲ. ಮದುವೆಯಾಗಿ ಕೊಯಮತ್ತೂರಿನ ಶರವಣಂಪಟ್ಟಿಗೆ ಹೋದೆ. ತಿರುಪ್ಪೂರಿಗೆ ಬರುವುದು ಕಡಿಮೆಯಾಯಿತು... ಹೋದ ವರ್ಷ ಅವರು ತೀರಿಕೊಂಡಾಗ ನಾನು ಬೆಟ್ಟದ ಮೇಲಿನ ವಾಲ್ಪಾರೈಯಲ್ಲಿ ನಾದಿನಿಯ ಬಾಣಂತನಕ್ಕಿದ್ದೆ. ಸುದ್ದಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹೋದ ವಾರ ನೋಂದಣಿ ಮುಗಿಸಿ ಅವರ ಮನೆಗೆ ಹೋದೆ. ದೊಡ್ಡಮ್ಮ ಕಾಫಿ ಕೊಟ್ಟು ಎದುರಿಗೆ ಕುಳಿತರು. ಮಾತು ಆ ಕಳ್ಳತನದ ಕಡೆ ಹೊರಳಿತು.

"ಆ ಎರಡು ದಿನ ಅವರು ಒಂದು ತುತ್ತು ಅನ್ನ ಮುಟ್ಟಲಿಲ್ಲಮ್ಮ," ಎಂದರು ದೊಡ್ಡಮ್ಮ. "ಗಾಜಿನ ಮೇಲೂ ಕುಣಿಕೆಯೇ ಬಂದ್ರೆ ಏನು ಮಾಡ್ಲಿ, ಏನು ಮಾಡ್ಲಿ ಅಂತ ಹಿತ್ತಲಲ್ಲೇ ನಡೀತಿದ್ರು. ನಿನಗೆ ಕಾಣಿಸಲಿಲ್ವಾ? ನಿಮ್ಮ ಅಡುಗೆಮನೆ ಕಿಟಕಿ ಎದುರಿಗೇ ಅಲ್ವಾ ಹಿತ್ತಲು?"

ಕಾಣಿಸಿರಲಿಲ್ಲ. ಆ ಎರಡು ದಿನವೂ ಅವರ ಮುಖ ನೋಡಬಾರದೆಂದು ನಾನು ಆ ಕಿಟಕಿ ಮುಚ್ಚಿಟ್ಟಿದ್ದೆ.