ಬಂಪರಿಗೆ ಕಟ್ಟಿದ ದಾರ

ನಿನ್ನ ಕಾಲಿಗೆ ಚಕ್ರ ಕಟ್ಟಿದೆ ಕಣೇ ಎಂದು ನಮ್ಮಮ್ಮ ಬೈಯುತ್ತಿದ್ದಳು. ಬೈದದ್ದರಲ್ಲಿ ತಪ್ಪೇನಿಲ್ಲ. ಮದುವೆಯಾದ ಮೇಲೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಸುಂಕದಕಟ್ಟೆ ಎಂದು ಹನ್ನೊಂದು ಬಾಡಿಗೆ ಮನೆ ಬದಲಿಸಿದವಳು ನಾನು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ ಹನ್ನೆರಡನೆಯ ಮನೆಯೇ ಬೇಡವೆನ್ನಿಸಿತು. ನನ್ನವರು ಸ್ಕೂಲ್ ಮಕ್ಕಳನ್ನು ಕರೆದೊಯ್ಯುತ್ತಿದ್ದ ಹಳೆಯ ಮೆಟಡೋರಿನ ಸೀಟು ಕಿತ್ತುಹಾಕಿಸಿ, ಮಂಚ, ಸ್ಟೌ, ನೀರಿನ ಡ್ರಮ್ಮು ಇಡಿಸಿ, ಅದರಲ್ಲೇ ಸಂಸಾರ ಹೂಡಿದೆವು. ಮಕ್ಕಳಿಲ್ಲದ ನಮ್ಮಿಬ್ಬರಿಗೆ ಧಾರಾಳವಾಗಿತ್ತು.

ಕೆರೆ ಏರಿಯೋ, ಪಾರ್ಕೋ, ಕೆಲಸ ಮಾಡುವ ಕೈ ಬೇಕಾದ ಸರ್ಕಾರಿ ಜಾಗ ಎಲ್ಲಿದೆಯೋ ಅಲ್ಲಿ ಗಾಡಿ ನಿಲ್ಲಿಸುವುದು, ಎರಡು ತಿಂಗಳು ಬಿಟ್ಟಿ ಚಾಕರಿ ಮಾಡುವುದು, ಮುಂದಕ್ಕೆ ಹೋಗುವುದು. ಇದೇ ನಮ್ಮ ಕ್ರಮ. ಮೂರನೆಯ ತಿಂಗಳು ಹಿಡಿದರೆ ನನಗೆ ನಿದ್ದೆ ಬರುತ್ತಿರಲಿಲ್ಲ, ಮೈಯೆಲ್ಲ ತುರಿಕೆ ಬಂದ ಹಾಗಾಗುತ್ತಿತ್ತು.

ಆ ಮಳೆಗಾಲ ಕೆಂಗೇರಿ ಆಚೆಯ ಅರಣ್ಯ ಇಲಾಖೆಯ ಖಾಲಿ ಜಾಗಕ್ಕೆ ಬಂದೆವು. ಬೇಸಿಗೆಯಲ್ಲಿ ಬೆಂಕಿ ಬೀಳುವ, ದನ ನುಗ್ಗುವ ಜಾಗವಾದ್ದರಿಂದ ಅಲ್ಲಿಯ ವಾಚರ್ ನಮ್ಮನ್ನು ಖುಷಿಯಿಂದಲೇ ಬಿಟ್ಟುಕೊಂಡ. ದಸರಾ ಕಳೆದ ಕೂಡಲೇ ಮಾಗಡಿ ಕಡೆಯ ಕೆರೆಗೆ ಹೊರಡುವುದು ಎಂದು ನನ್ನವರಿಂದ ಮಾತು ತೆಗೆದುಕೊಂಡೇ ಇಳಿದಿದ್ದೆ.

ಗಿಡ ನೆಡುವ ಭಾನುವಾರ ಬೆಂಗಳೂರಿನಿಂದ ಬಸ್ಸಿನಲ್ಲಿ ಐವತ್ತು ಜನ ಸ್ವಯಂಸೇವಕರು ಬಂದರು. ಸಾಲು ನೆಟ್ಟಗಿರಲಿ ಎಂದು ನನ್ನವರು ದಾರದ ಒಂದು ತುದಿಯನ್ನು ನಮ್ಮ ಗಾಡಿಯ ಮುಂದಿನ ಬಂಪರಿಗೆ ಕಟ್ಟಿಸಿ, ಇನ್ನೊಂದನ್ನು ದೂರದ ಗೂಟಕ್ಕೆ ಎಳೆಸಿದರು. ಜನ ದಾರ ಹಿಡಿದು ಗುಂಡಿ ತೋಡುತ್ತಾ ಹೋದರು. ನಾನು ಐವತ್ತು ಜನರ ಉಪ್ಪಿಟ್ಟಿನಲ್ಲಿ ಮುಳುಗಿದ್ದೆ. ಕಿಟಕಿಗೆ ಪರದೆ, ಬಾಗಿಲಲ್ಲಿ ತುಳಸಿ ಕುಂಡ, ಹಗ್ಗದ ಮೇಲೆ ಒದ್ದೆ ಸೀರೆ. ಅದು ಗಾಡಿ, ಒಂದು ದಿನ ಹೊರಡಬೇಕು ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ನೋಡುತ್ತೇನೆ, ಹಿಂದೆ ಬಂಡೆ, ಎಡಕ್ಕೆ ಹಳ್ಳ, ಬಲಕ್ಕೆ ಇನ್ನೊಂದು ಸಾಲು ಗಿಡ, ಗಾಡಿಯ ಮೂತಿಯ ಮುಂದೆಯೇ ಹೊಂಗೆ ಗಿಡ!

"ಅಯ್ಯೋ ನಿಮ್ಮ! ಗಿಡದ ಜೊತೆ ಗಾಡೀನೂ ನೆಟ್ಟುಬಿಟ್ರಲ್ರೀ! ಮೂವತ್ತು ವರ್ಷ ಸ್ಟೇರಿಂಗ್ ಹಿಡಿದೋರಿಗೆ ಇಷ್ಟೂ ಕಣ್ಣಿಗೆ ಕಾಣ್ಲಿಲ್ವಾ?"

ವಾಚರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಇರ್ಲಿ ಬಿಡಕ್ಕಾ, ಖಾಯಂ ಆದ್ರಿ" ಎಂದ. ನನ್ನವರು ನಗಲಿಲ್ಲ. "ಹೊರಡೋ ದಿನ ಕಿತ್ತು ಪಕ್ಕಕ್ಕಿಟ್ರಾಯ್ತು ಕಣೇ" ಎಂದು ಒಳಗೆ ಹೋದರು.

ದಸರಾ ಬಂತು, ಹೋಯಿತು. ಕೇಳಿದರೆ ಬೇರು ಹಿಡಿಯಲಿ ಅಂದರು. ದೀಪಾವಳಿಗೆ ಕೇಳಿದರೆ ಗಾಡಿಯಲ್ಲಿ ಏನೋ ಕೆಟ್ಟಿದೆ ಅಂದರು. ಸ್ಪೇರ್ ಪಾರ್ಟ್ ತರುತ್ತೇನೆಂದು ಬಿನ್ನಿಪೇಟೆ ಕಡೆಗೆ ನಾಲ್ಕು ಸಲ ಬಸ್ಸು ಹತ್ತಿದರು, ನಾಲ್ಕು ಸಲವೂ ಕೈಬೀಸಿಕೊಂಡು ಬಂದರು. ನನಗೆ ಮೈ ಉರಿಯುತ್ತಿತ್ತು. ಪಾತ್ರೆ ಕುಕ್ಕಿದೆ, ಎರಡು ದಿನ ಮಾತು ಬಿಟ್ಟೆ. ತಡೆಯಲಾರದೆ ಕೆಂಗೇರಿ ಬಸ್‌ಸ್ಟ್ಯಾಂಡಿಗೆ ಹೋಗಿ, ಯಾವುದೋ ಬಸ್ಸು ಹತ್ತಿ ರಾಜರಾಜೇಶ್ವರಿನಗರದ ತನಕ ಹೋಗಿ ಸುಮ್ಮನೆ ವಾಪಸ್ ಬರುತ್ತಿದ್ದೆ.

ಇದರ ಮೇಲೆ ಆ ದಾರ ಬೇರೆ. ಗಿಡ ನೆಟ್ಟು ತಿಂಗಳುಗಳಾದರೂ ಅದನ್ನು ಬಿಚ್ಚಲು ಬಿಡಲಿಲ್ಲ. ಒಗೆದ ಬಟ್ಟೆ ಹೊತ್ತು ನಾನು ಎರಡು ಸಲ ಎಡವಿ ಬಿದ್ದೆ. "ದಾಟ್ಕೊಂಡು ಹೋಗೇ, ಏನೀಗ" ಎಂದು ರೇಗಿದರು. ರೇಗುವ ಜಾತಿಯವರೇ ಅಲ್ಲ ಅವರು.

ಶಿವರಾತ್ರಿ ಕಳೆದ ಒಂದು ಬೆಳಗ್ಗೆ ನನ್ನ ಸಹನೆ ಮುಗಿಯಿತು. ಅವರು ನೀರು ಹಾಕಲು ಹೋಗಿದ್ದರು. ಗುದ್ದಲಿ ತೆಗೆದುಕೊಂಡು ಬಂಪರಿನ ಮುಂದೆ ಹೋಗಿ ನಿಂತೆ. ಈ ಬಿಸಿಲಲ್ಲಿ ಕಿತ್ತರೆ ಹೊಂಗೆ ಉಳಿಯುವುದಿಲ್ಲವೆಂದು ನನಗೂ ಗೊತ್ತಿತ್ತು. ಸಾಯಲಿ, ಇವತ್ತು ಹೊರಟೇ ಬಿಡುವುದು ಎಂದುಕೊಂಡೆ.

ಅಷ್ಟರಲ್ಲಿ ಅವರು ಖಾಲಿ ಬಿಂದಿಗೆ ಹಿಡಿದು ಸಾಲಿನುದ್ದಕ್ಕೂ ವಾಪಸ್ ಬರುತ್ತಿದ್ದರು. ಎಡಗೈ ದಾರದ ಮೇಲಿತ್ತು. ದಾರ ಸವರಿಕೊಂಡು, ಒಂದೊಂದು ಗಿಡ ಬಂದಾಗಲೂ ಕಾಲಿನಿಂದ ಪಾತಿ ತಡವಿ ನೋಡಿ, ಮುಂದೆ ಬರುತ್ತಿದ್ದರು. ಹತ್ತು ಹೆಜ್ಜೆ ದೂರದಲ್ಲಿ ನಾನು ಗುದ್ದಲಿ ಎತ್ತಿ ನಿಂತಿದ್ದೆ. ಅವರು ಹಾಗೇ ಬರುತ್ತಲೇ ಇದ್ದರು. ಗುದ್ದಲಿ ಕಲ್ಲಿಗೆ ತಾಗಿ ಸದ್ದಾದ ಮೇಲೆಯೇ "ಯಾರದು?" ಎಂದರು.

ಗುದ್ದಲಿ ಕೈಬಿಟ್ಟೆ.

"ನಾನ್ರೀ" ಎಂದೆ. ಆಮೇಲೆ ಕೇಳಿದೆ. "ಯಾವಾಗಿಂದ?"

ಅವರು ಬಿಂದಿಗೆ ಕೆಳಗಿಟ್ಟು ಹೊಂಗೆಯ ಪಕ್ಕದಲ್ಲೇ ಕೂತರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತಂತೆ. ಬಿನ್ನಿಪೇಟೆಗೆಂದು ಹೋದದ್ದೆಲ್ಲ ಕಣ್ಣಿನ ಡಾಕ್ಟರ ಹತ್ತಿರವಂತೆ. ಇನ್ನು ಗಾಡಿ ಮುಟ್ಟಬೇಡಿ ಎಂದಿದ್ದರಂತೆ. "ಹೇಗೆ ಹೇಳ್ಲಿ ಹೇಳು? ಒಂದು ಕಡೆ ಕೂತ್ರೆ ನೀನು ಬದುಕ್ತೀಯಾ?"

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. "ಅದಕ್ಕೇ ಬೇಕು ಅಂತಲೇ ಬಂಪರಿಗೆ ದಾರ ಕಟ್ಟಿಸಿದ್ರಾ? ನಾನು ಹೊರಡಬಾರದು ಅಂತ?"

"ಛೇ, ಇಲ್ಲ ಕಣೇ" ಎಂದರು. "ಅವತ್ತು ನೀನು ಕೇಳಿದ್ಯಲ್ಲ, ಕಣ್ಣಿಗೆ ಕಾಣ್ಲಿಲ್ವಾ ಅಂತ. ನಿಜವಾಗ್ಲೂ ಕಾಣ್ಲಿಲ್ಲ."

ಗುದ್ದಲಿಯನ್ನು ಗಾಡಿಯ ಕೆಳಗೆ ತಳ್ಳಿದೆ. ಬಂಪರಿನ ಹತ್ತಿರ ದಾರ ಜೋತುಬಿದ್ದಿತ್ತು, ಬಿಗಿದು ಕಟ್ಟಿದೆ. ಅಲ್ಲೂ ನಿಲ್ಲಲಾರದೆ ಸಾಲಿನ ಕೊನೆಯ ತನಕ ದಡದಡ ನಡೆದುಹೋಗಿ, ಆ ಗೂಟಕ್ಕೂ ಇನ್ನೊಂದು ಗಂಟು ಹಾಕಿ ಬಂದೆ.