ಪಟ್ಟಿಯ ಕೊನೆಯವನು

ಈಗಷ್ಟೇ ನಮ್ಮ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ದೊಡ್ಡಬಳ್ಳಾಪುರದವರಿಗೆ ಕರೆಂಟು ಹೋದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಬೇರೆಯವರಿಗೆ ಈ ಮೌನ ಹಿತವಾಗಬಹುದು. ನನಗೆ ಮಾತ್ರ ಅಂಗೈ ಬೆವರುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ಕೆಲವು ವರ್ಷಗಳ ಹಿಂದೆ ನಮ್ಮ ಗೆಳೆಯರ ಬಳಗ ಊರಲ್ಲಿ ರಕ್ತದ ಗುಂಪಿನ ಪರೀಕ್ಷೆ ಮಾಡಿಸಿತ್ತು. ಬೇಕಾದಾಗ ರಕ್ತ ಕೊಡಲು ಒಪ್ಪಿದವರ ಹೆಸರು, ಗುಂಪು, ವಿಳಾಸಗಳನ್ನು ಕಂಪ್ಯೂಟರಿಗೆ ಸೇರಿಸಬೇಕಿತ್ತು. ಸಂತೆಯಿಂದ ತಂದ ಬದನೆಕಾಯಿಯನ್ನೂ ಡೈರಿಯಲ್ಲಿ ಬರೆದಿಡುವವನು ನಾನು. ಎಲ್ಲರೂ ನನ್ನ ಕಡೆಗೇ ಬೆರಳು ತೋರಿಸಿದರು. ಕಂಪ್ಯೂಟರು ಇದ್ದದ್ದು ಮಗ್ಗದ ಮಾಲೀಕ ನಾಗರಾಜಣ್ಣನ ನಡುಮನೆಯಲ್ಲಿ, ಸೀರೆ ಡಿಸೈನಿಗೆಂದು ತಂದದ್ದು. ಪರೀಕ್ಷೆಯಲ್ಲಿ ಒಬ್ಬೊಬ್ಬರ ಹೆಸರಿಗೂ ಬರೆದಿದ್ದ ನೂರ ಎಂಬತ್ತಾರು ಕಾರ್ಡು ನೋಡಿ ಟೈಪ್ ಮಾಡಿ, ಡೈರಿಯಲ್ಲಿ ಸಂಖ್ಯೆ ಬರೆದು, ಕಾರ್ಡುಗಳನ್ನು ಅವರವರಿಗೆ ಹಂಚಲು ಕಳಿಸಿ, ಫೈಲು ಮುಚ್ಚದೆ ಕಾಫಿಗೆ ಎದ್ದೆ. ಮಗ್ಗಗಳು ನಿಂತವು.

ಕರೆಂಟು ಬಂದಾಗ ಫೈಲು ತೆರೆಯಲಿಲ್ಲ. ಅದೇ ಹೊತ್ತಿಗೆ ನಾಗರಾಜಣ್ಣನ ಬಳಿ ನೇಯುವ ಮಂಜ ಓಡಿಬಂದ.

"ರತ್ನಂಗೆ ಹೆರಿಗೆ ಆಯ್ತು ಗುರು, ರಕ್ತ ನಿಲ್ತಿಲ್ಲ. ಓ ನೆಗೆಟಿವ್ ಬೇಕಂತೆ. ಬೆಂಗಳೂರಿಂದ ಬರೋವರ್ಗೂ ಕಾಯಕ್ಕಾಗಲ್ವಂತೆ. ನಿನ್ ಪಟ್ಟೀಲಿ ನೋಡೋ!"

ಹೆಂಡತಿಯ ಹೆಸರು ಹೇಳುತ್ತಲೇ ಅವನು ನನ್ನ ಕುರ್ಚಿಯನ್ನು ಕಂಪ್ಯೂಟರಿನತ್ತ ತಳ್ಳಿದ. ಅಂಥದೊಂದು ಗುಂಪು ನನ್ನ ಬೆರಳಡಿ ಹಾದುಹೋದದ್ದು ನೆನಪಿತ್ತು. ಯಾರದೆಂಬುದು ನೆನಪಿರಲಿಲ್ಲ.

ಒಳಗೆ ಎಷ್ಟು ಹೆಸರಿವೆ ಎಂಬ ಸಂಖ್ಯೆ ಇಂಥ ಫೈಲಿನ ತಲೆಯಲ್ಲಿರುತ್ತದೆ. ಫೈಲು ಮುಚ್ಚುವಾಗಲೇ ಅದು ಸರಿಯಾಗಿ ದಾಖಲಾಗುವುದು. ನಾನು ಮುಚ್ಚಿರಲಿಲ್ಲವಲ್ಲ, ಅಲ್ಲಿ ಕಸ ತುಂಬಿತ್ತು. ಫ್ಲಾಪಿಗೆ ಒಂದು ನಕಲು ಮಾಡಿಕೊಂಡು, ಫೈಲನ್ನು ಅಂಕಿ ಅಂಕಿಯಾಗಿ ಬಿಚ್ಚಿ ತೋರಿಸುವ ಪ್ರೋಗ್ರಾಮಿನಲ್ಲಿ ಆ ಜಾಗ ಹುಡುಕಿದೆ. ಮತ್ತೆ ಕರೆಂಟು ಹೋದರೆ? ಮಗ್ಗಗಳ ಸದ್ದಿಗೆ ಕಿವಿಗೊಟ್ಟುಕೊಂಡೇ, ಡೈರಿ ನೋಡಿ, ನೂರ ಎಂಬತ್ತಾರು ತುಂಬಿಸಿದೆ. ಫೈಲು ತೆರೆಯಿತು. ಓ ನೆಗೆಟಿವ್ ಹುಡುಕಿದೆ. ಒಬ್ಬರೂ ಇಲ್ಲ.

"ಲೇ, ನಿನ್ ಡಬ್ಬ ಸುಳ್ಳು ಹೇಳ್ತದೆ ಕಣೋ," ಎಂದ ಮಂಜ.

ನಾಗರಾಜಣ್ಣ ನನ್ನ ಹೆಗಲ ಮೇಲಿಂದ ಬಗ್ಗಿ ಪಟ್ಟಿಯ ಮೊದಲ ಸಾಲಿಗೆ ಬೆರಳಿಟ್ಟರು. "ಈ ಶ್ರೀ ಯಾವನಪ್ಪಾ? ಇವನ್ಗೆ ಗುಂಪೇ ಇಲ್ವಲ್ಲ!"

ಯಾವ ಕಾಗದ ಶುರುಮಾಡಿದರೂ ತಲೆಗೆ ಶ್ರೀ ಬರೆಯುವವರು ನಾವು. ಹೊಸ ಫೈಲಿನ ಮೊದಲ ಹೆಸರಿನ ಜಾಗದಲ್ಲೂ, ಇಂಗ್ಲಿಷ್ ಅಕ್ಷರದಲ್ಲಿ, ಅದನ್ನೇ ಹೊಡೆದಿದ್ದೆ. ನನ್ನ ಲೆಕ್ಕ ಕಾರ್ಡುಗಳದು. ಕಂಪ್ಯೂಟರು ಶ್ರೀಯನ್ನೂ ಒಬ್ಬ ರಕ್ತದಾನಿಯೆಂದು ಎಣಿಸಿ, ಕೊನೆಯವನನ್ನು ಬಾಗಿಲ ಹೊರಗೆ ನಿಲ್ಲಿಸಿತ್ತು.

ಫೈಲಿನ ತಲೆಯ ಸಂಖ್ಯೆಗೆ ಒಂದು ಕೂಡಿಸಿ ನೂರ ಎಂಬತ್ತೇಳು ಮಾಡಿದೆ. ಕೊನೆಯ ಸಾಲು ಮೂಡಿತು: ಸಲೀಂ, ಬಸ್ ಸ್ಟ್ಯಾಂಡ್ ಪಕ್ಕದ ಸೈಕಲ್ ಶಾಪು, ಓ ನೆಗೆಟಿವ್. ಮಂಜ ಚಪ್ಪಲಿ ಮೆಟ್ಟದೆ ಓಡಿದ. ಸಲೀಂ ಗ್ರೀಸು ಮೆತ್ತಿದ ಕೈಯಲ್ಲೇ ಆಸ್ಪತ್ರೆಗೆ ಬಂದನಂತೆ. "ತೊಳ್ಕೊಂಡ್ ಬಾರಯ್ಯ ಮೊದ್ಲು" ಎಂದು ನರ್ಸಮ್ಮ ಗದರಿದರಂತೆ. ರತ್ನ ಉಳಿದಳು.

ಶ್ರೀ ಬರೆಯುವುದನ್ನು ನಾನೇನೂ ಬಿಟ್ಟಿಲ್ಲ. ಆದರೆ ಯಾವ ಪಟ್ಟಿ ಮುಗಿಸಿದರೂ ಕೊನೆಯ ಹೆಸರನ್ನು ಬಾಯಿಬಿಟ್ಟು ಓದುತ್ತೇನೆ, ಮನೆಯವರು ನಗುತ್ತಾರೆ. ಈಗ ಕೈಯಲ್ಲಿರುವುದು ತಂಗಿಯ ಮದುವೆಗೆ ಕರೆಯಬೇಕಾದವರ ಪಟ್ಟಿ. ಕಿಟಕಿಯ ಬೆಳಕಿಗೆ ಹಿಡಿದು ಕೊನೆಯ ಸಾಲು ಓದಿದೆ. ಅನುಗೊಂಡನಹಳ್ಳಿಯ ಸೋದರತ್ತೆ. ಇದ್ದಾರೆ.