ಚಂದ್ರಿಕೆಗೆ ಬರುತ್ತಿದ್ದ ಗೊರವಂಕಗಳು

ಸತ್ತದ್ದು ಏಳು ಗೊರವಂಕಗಳೋ ಹನ್ನೊಂದೋ, ನನಗೆ ಖಚಿತವಿಲ್ಲ. ಅಕ್ಕನನ್ನು ಕೇಳಿದರೆ ಅದರಲ್ಲಿ ಗುಬ್ಬಿಗಳೂ ಇದ್ದವು ಅನ್ನುತ್ತಾಳೆ. ವರ್ಷ ಎಂಬತ್ತೆಂಟೋ ಎಂಬತ್ತೊಂಬತ್ತೋ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕೆಲಸ ಸಿಗದೆ, ಶಿಡ್ಲಘಟ್ಟದ ಅಂಚಿನ ನಮ್ಮ ಮನೆಗೆ ಮರಳಿದ್ದೆ ಅನ್ನುವುದಂತೂ ನಿಜ.

ಅಮ್ಮನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಹಿತ್ತಲ ಕಿಟಕಿಯ ಪಕ್ಕ ಅವಳ ಮಂಚ. ಹೊರಗೆ ನುಗ್ಗೆಮರದ ಕೆಳಗೆ, ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯೊಂದನ್ನು, ಹಳೆಯದಾಗಿ ಮುರಿದದ್ದನ್ನು, ಅಕ್ಕ ಕಲ್ಲುಗಳ ಮೇಲೆ ಮಲಗಿಸಿದ್ದಳು. ಅದರ ಸುರುಳಿ ಸಂದಿಗಳಲ್ಲಿ ರಾಗಿ, ನುಚ್ಚು ಚೆಲ್ಲುತ್ತಿದ್ದಳು. ಗೊರವಂಕಗಳು ಬಂದು ಜಗಳವಾಡುತ್ತಿದ್ದವು. ಅವುಗಳಲ್ಲೊಂದಕ್ಕೆ ಕಾಲು ಕುಂಟು.

"ಆ ಕುಂಟೀನ ನೋಡಪ್ಪಾ, ನನ್ನ ಥರಾನೇ. ಆದ್ರೂ ಎಲ್ಲರನ್ನೂ ಓಡಿಸ್ತಾಳೆ," ಎಂದು ಅಮ್ಮ ಬಾಯಿಯ ಒಂದೇ ಪಕ್ಕದಿಂದ ನಗುತ್ತಿದ್ದಳು. ಆಗ ಆ ಮನೆಯಲ್ಲಿ ನಗು ಅಂತ ಇದ್ದದ್ದು ಅಷ್ಟೇ.

ಆ ಬೇಸಿಗೆ ನಾವು ಸಾಕಿದ್ದ ರೇಷ್ಮೆಹುಳುಗಳು ವಾಂತಿ ಮಾಡಿಕೊಂಡು, ಮುರುಟಿಕೊಂಡು, ತಟ್ಟೆಗಟ್ಟಲೆ ಸತ್ತವು. ಗುಂಡಿ ತೋಡಲು ಅಕ್ಕ ನನಗೆ ಹೇಳಿದಳು.

"ಗುಂಡಿ ಯಾಕೆ? ರೋಗದ ಹುಳ ತಿಂದ್ರೆ ಪಕ್ಷಿಗೇನೂ ಆಗಲ್ಲ. ಚಂದ್ರಿಕೆಗೆ ಹಾಕಣ. ಅಮ್ಮನಿಗೂ ನೋಡೋಕೆ ಹಬ್ಬ."

"ರೋಗಾನೋ ಇನ್ನೊಂದೋ ಯಾರಿಗ್ಗೊತ್ತು? ಸತ್ತ ಹುಳಾನ ಸುಣ್ಣ ಹಾಕಿ ಹೂಳ್ಬೇಕು ಕಣೋ."

"ಯೂನಿವರ್ಸಿಟೀಲಿ ಓದಿದ್ದು ನೀನಾ ನಾನಾ?"

"ಸರಿ ದೊರೆ. ನೀನೇ ಹಾಕು."

ಹಾಕಿದೆ. ಅಷ್ಟು ಹಕ್ಕಿಗಳು ಯಾವತ್ತೂ ಬಂದಿರಲಿಲ್ಲ. ಅಮ್ಮ ಎಣಿಸಲು ಹೋಗಿ ಲೆಕ್ಕ ತಪ್ಪಿ ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಅವು ಮರದ ಕೆಳಗೆ ರೆಕ್ಕೆ ಹರಡಿಕೊಂಡು ಬಿದ್ದಿದ್ದವು.

ಹುಳುಗಳನ್ನು ಕೊಂದದ್ದು ರೋಗವಲ್ಲ. ಪಕ್ಕದ ದ್ರಾಕ್ಷಿ ತೋಟದವರು ಹೊಡೆದ ಔಷಧಿ ಗಾಳಿಗೆ ನಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತಿತ್ತು. ಸಂಜೆ ಅವರೇ ಬಂದು, "ಸೊಪ್ಪು ಕೊಯ್ಬೇಡಿ ಅಂತ ಹೇಳೋದು ಮರೆತೆ," ಅಂದರು.

ಅಷ್ಟರಲ್ಲಿ ನಾನು ಎಲ್ಲ ಮುಗಿಸಿದ್ದೆ. ಮಧ್ಯಾಹ್ನ ಅಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ಸದ್ದಾಗದಂತೆ ಹೋಗಿ ಕಿಟಕಿಯ ಕದ ಮುಚ್ಚಿದೆ, ಹಕ್ಕಿಗಳನ್ನು ಬುಟ್ಟಿಗೆ ತುಂಬಿದೆ, ಬೇಡವೆಂದಿದ್ದ ಗುಂಡಿಯನ್ನು ತೋಡಿದೆ. ಕದ ಕಿರ್ ಅಂದದ್ದು ಈಗಲೂ ಕಿವಿಯಲ್ಲಿದೆ.

"ಇವತ್ತು ಬರ್ಲಿಲ್ವಾ?" ಮರುದಿನ ಅಮ್ಮ ಕೇಳಿದಳು.

"ಸ್ಕಂದಗಿರಿ ಬೆಟ್ಟದ ಕಡೆ ಹೋಗಿರ್ತವೆ ಅಮ್ಮ. ಅಲ್ಲಿ ಆಲದ ಹಣ್ಣು ಬಿಟ್ಟಿದೆಯಂತೆ."

ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ಹಂಗಾ," ಅಂದಳು. ನಾಲ್ಕೈದು ದಿನ ಅದೇ ಪ್ರಶ್ನೆ, ಅದೇ ಉತ್ತರ. ಆಮೇಲೆ, "ಮಂಚಾನ ಗೋಡೆ ಕಡೆಗೆ ತಿರುಗಿಸ್ರಪ್ಪಾ, ಬಿಸಿಲು ಕಣ್ಣಿಗೆ ಹೊಡಿಯುತ್ತೆ," ಅಂದಳು. ಮಳೆಗಾಲಕ್ಕೆ ಮುಂಚೆ ತೀರಿಕೊಂಡಳು.

ಕದ ಮುಚ್ಚಿದ್ದರಿಂದ ಅವಳಿಗೆ ಗೊತ್ತಾಗಲಿಲ್ಲವಲ್ಲ ಎಂಬ ಒಂದೇ ಸಮಾಧಾನದಲ್ಲಿ ಎಷ್ಟೋ ವರ್ಷ ಕಳೆದೆ. ತೊಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಅಕ್ಕನಿಗೆ ಅದನ್ನು ಹೇಳಿದಾಗ ಅವಳು, "ಆ ಕಿಟಕಿಗೆ ಕದ ಎಲ್ಲಿತ್ತೋ?" ಅಂದಳು. ನಾನು ಜಗಳಕ್ಕೇ ಬಿದ್ದೆ. ಮರುದಿನ ಆ ಕಿಟಕಿಯ ಹತ್ತಿರ ಹೋಗಿ ಚೌಕಟ್ಟಿನ ಮೇಲೆ ಬೆರಳಾಡಿಸಿ ನೋಡಿದೆ. ಬರೀ ಕಂಬಿಗಳು. ಕೀಲು ಕೂರಿಸಿದ ತೂತಿಲ್ಲ, ಮೊಳೆಯ ಗುರುತೂ ಇಲ್ಲ. ಆ ಕಿಟಕಿಗೆ ಎಂದೂ ಕದ ಇರಲಿಲ್ಲ.